ಟ್ರೇಲರ್ ಕಟ್ಟುವ ಮುನ್ನ ಸೈಕಲ್ಲಿನ ಎಡ ಹಿಂಗಾಲು ನೋಡಿ

ಪ್ರಶ್ನೆ: ನಾವು ಹಾಸನದ ಕಡೆಯವರು, ಮೂರು ವರ್ಷದಿಂದ ಜರ್ಮನಿಯ ಏರ್ಲಾಂಗನ್‌ನಲ್ಲಿದ್ದೇವೆ. ಮಗಳಿಗೆ ಹದಿನಾಲ್ಕು ತಿಂಗಳು. ಮುಂದಿನ ತಿಂಗಳಿಂದ ಅವಳನ್ನು ಕಿಟಾಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಿಟ್ಟು ಬರಬೇಕು. ದಾರಿ ನಾಲ್ಕು ಕಿಲೋಮೀಟರ್. ಪರಿಚಯದವರಿಂದ ಎರಡು ಸೀಟಿನ ಹಳೆಯ ಟ್ರೇಲರ್, ಅಂದರೆ ಸೈಕಲ್ ಹಿಂದೆ ಕಟ್ಟಿ ಎಳೆಯುವ ಮಕ್ಕಳ ಗಾಡಿ, ಕೊಂಡಿದ್ದೇವೆ. ಅದರ ಜೊತೆ ಬಂದ ಕ್ಲಾಂಪು ಹಿಂಚಕ್ರದ ಪಕ್ಕದ ಪೈಪನ್ನು ಕಚ್ಚಿ ಹಿಡಿಯುವಂಥದ್ದು. ಮನೆಯಲ್ಲಿ ಮೂರು ಸೈಕಲ್ ಇವೆ: ನಮ್ಮವರ ಕಾರ್ಬನ್ ಗ್ರಾವೆಲ್ ಬೈಕ್, ಡಿಸ್ಕ್ ಬ್ರೇಕ್ ಇರುವ ನನ್ನ ಅಲ್ಯೂಮಿನಿಯಂ ಟ್ರೆಕ್ಕಿಂಗ್ ಸೈಕಲ್, ಸಂತೆಯಲ್ಲಿ ಕೊಂಡ ಹಳೆಯ ಉಕ್ಕಿನ ಸೈಕಲ್. ಯಾವುದಕ್ಕೆ ಕಟ್ಟಲಿ? ಕಾರ್ಬನ್ ಎಲ್ಲಕ್ಕಿಂತ ಗಟ್ಟಿ ಅಂತ ನಮ್ಮವರ ವಾದ. ಮಗುವಿಗೆ ಹೆಲ್ಮೆಟ್ ಬೇಕೆ? ಅಪ್ಪ ಮಾತ್ರ ಫೋನಿನಲ್ಲಿ, "ಇದೆಲ್ಲ ಯಾಕವ್ವ, ಬಾರ್ ಮೇಲೆ ಸಣ್ಣ ಸೀಟು ಹಾಕಿಸಿ ಕೂರಿಸ್ಕೊಂಡು ಹೋಗು" ಅಂತಾರೆ.

ಉತ್ತರ: ಅಲ್ಯೂಮಿನಿಯಂ ಸೈಕಲ್ಲಿಗೆ ಕಟ್ಟಿ. ಜೊತೆಗೆ ಬಂದ ಕ್ಲಾಂಪು ಬೇಡ, ಆಕ್ಸೆಲ್‌ಗೆ (ಹಿಂಚಕ್ರದ ಅಚ್ಚಿಗೆ) ಕೂರುವ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ತರಿಸಿ. ಉಕ್ಕಿನದನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು, ಬ್ರೇಕು ನೋಡಿಕೊಂಡು. ಕಾರ್ಬನ್ ಬೈಕಿನ ವಿಷಯದಲ್ಲಿ ನಿಮ್ಮವರ ಮಾತು ಅರ್ಧ ಸರಿ. ಆ ಅರ್ಧದಿಂದ ಇಲ್ಲಿ ಉಪಯೋಗವಿಲ್ಲ.

ಟ್ರೇಲರ್ ಕೊಳ್ಳುವವರು ಟ್ರೇಲರನ್ನು ಬಹಳ ನೋಡುತ್ತಾರೆ. ಬಟ್ಟೆ, ಸ್ಪ್ರಿಂಗು, ಕಿಟಕಿ, ಬಾಟಲ್ ಇಡುವ ಜಾಗ ಎಲ್ಲ ಪರೀಕ್ಷೆಯಾಗುತ್ತದೆ. ಎಳೆಯುವ ಸೈಕಲ್ಲನ್ನು ಯಾರೂ ನೋಡುವುದಿಲ್ಲ. ಎತ್ತಿನ ಗಾಡಿಯಲ್ಲಿ ಚಕ್ರ ಎಷ್ಟೇ ದೊಡ್ಡದಿರಲಿ, ಅದು ಕಳಚದಂತೆ ಹಿಡಿದಿರುವುದು ಬೆರಳುದ್ದದ ಕಡಾಣಿ. ನಿಮ್ಮ ಸೈಕಲ್ಲಿನಲ್ಲಿ ಆ ಜಾಗ ಎಡ ಹಿಂಬದಿಯಲ್ಲಿದೆ, ಆಕ್ಸೆಲ್ಲು ಫ್ರೇಮಿಗೆ ಸೇರುವ ಎರಡು ಬೆರಳಗಲದ ಕಡೆ. ಬಲಗಡೆ ಚೈನು, ಗೇರು ಇರುವುದರಿಂದ ಟ್ರೇಲರಿನ ತೋಳು ಸಾಮಾನ್ಯವಾಗಿ ಎಡಕ್ಕೇ ಬರುತ್ತದೆ.

ಫ್ರೇಮು ಅಂದರೆ ಎರಡು ತ್ರಿಕೋನ. ಮುಂದಿನದು ದೊಡ್ಡದು, ದಪ್ಪ ಪೈಪಿನದು. ನಿಮ್ಮ ಭಾರದ ಬಹುಪಾಲನ್ನು ಹೊರುವ ಆಳು ಅದು. ಹಿಂದಿನದು ಸಣ್ಣದು, ತೆಳ್ಳಗಿನದು, ಚಕ್ರದ ಆಚೆ ಒಂದು ಈಚೆ ಒಂದು. ಪೆಡಲಿನ ಕಡೆಯಿಂದ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಹಿಂದಕ್ಕೆ ಹೋಗುವ ಪೈಪು ಚೈನ್‌ಸ್ಟೇ, ಸೀಟಿನ ಕೆಳಗಿನಿಂದ ಇಳಿದು ಬರುವುದು ಸೀಟ್‌ಸ್ಟೇ. ಎರಡೂ ಕೂಡುವಲ್ಲಿ ಒಂದು ಗಟ್ಟಿ ಲೋಹದ ತುಂಡಿರುತ್ತದೆ, ಆಕ್ಸೆಲ್ಲು ಕೂರುವುದು ಅದರಲ್ಲೇ. ಅದಕ್ಕೆ ಡ್ರಾಪ್‌ಔಟ್ ಅನ್ನುತ್ತೇವೆ. ಟ್ರೇಲರಿನ ಎಳೆತ ಆಕ್ಸೆಲ್ಲಿಗೆ ಬಿದ್ದರೆ ಡ್ರಾಪ್‌ಔಟ್ ಅದನ್ನು ಎರಡೂ ಪೈಪಿಗೆ ಅವುಗಳ ಉದ್ದದ ದಿಕ್ಕಿನಲ್ಲಿ ಹಂಚುತ್ತದೆ. ಪೈಪಿಗೆ ಅದು ಗೊತ್ತಿರುವ ಕೆಲಸ. ಅದೇ ಎಳೆತ ಕ್ಲಾಂಪಿನ ಮೂಲಕ ಚೈನ್‌ಸ್ಟೇಯ ನಡುವಿಗೆ ಬಿದ್ದರೆ ಪೈಪು ಅಡ್ಡಕ್ಕೆ ಬಾಗಬೇಕಾಗುತ್ತದೆ. ಆ ಪೈಪಿನ ಗೋಡೆ ಎಷ್ಟೋ ಸೈಕಲ್ಲುಗಳಲ್ಲಿ ಒಂದು ಮಿಲಿಮೀಟರ್ ಆಸುಪಾಸು ಅಷ್ಟೆ. ಎಳೆತ ಒಂದೇ ಕಡೆಗೂ ಇರುವುದಿಲ್ಲ: ತುಳಿದರೆ ಹಿಂದಕ್ಕೆ ಜಗ್ಗುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ಗುದ್ದುತ್ತದೆ, ಹಂಪು ಬಂದರೆ ಮೇಲೆ ಕೆಳಗೆ ಆಡುತ್ತದೆ. ದಿನಕ್ಕೆ ಸಾವಿರಾರು ಸಲ.

ನಾನು ಜರ್ಮನಿಯ ರಿಪೇರಿ ಅಂಗಡಿಯೊಂದರಲ್ಲಿ ಕೆಲ ವರ್ಷ ಕೆಲಸ ಮಾಡಿದವನು, ಈಗ ಮೈಸೂರಿನಲ್ಲಿ ಸ್ವಂತ ಅಂಗಡಿ. ಅಲ್ಲಿದ್ದಾಗ ಒಬ್ಬರು ಹಿಂಚಕ್ರ "ಕಿರ್ ಕಿರ್" ಅನ್ನುತ್ತದೆ ಅಂತ ಅಲ್ಯೂಮಿನಿಯಂ ಸೈಕಲ್ ತಂದಿದ್ದರು. ಹಬ್ ಬಿಚ್ಚಿದೆ, ಗ್ರೀಸು ಹಾಕಿದೆ, ಶಬ್ದ ಹೋಗಲಿಲ್ಲ. ಕೊನೆಗೆ ಟ್ರೇಲರ್ ಕ್ಲಾಂಪು ಸಡಿಲಿಸಿದೆ. ಅಡಿಯಲ್ಲಿ ಬಣ್ಣ ಪೂರ್ತಿ ಸವೆದು ಬೂದು ಪುಡಿ ಮೆತ್ತಿಕೊಂಡಿತ್ತು. ಒರೆಸಿದರೆ ಪೈಪು ದುಂಡಗಿರಲಿಲ್ಲ, ಒತ್ತಿದ ಹಲಸಂಡೆ ಕಾಯಿಯ ಹಾಗೆ ಚಪ್ಪಟೆ. ಕ್ಲಾಂಪಿನ ಅಂಚು ಕೂತಿದ್ದ ಕಡೆ ಕೂದಲೆಳೆಯಷ್ಟು ಗೆರೆ. ಬಣ್ಣದ ಗೀರಾದರೆ ಉಗುರು ಜಾರುತ್ತದೆ, ಬಿರುಕಾದರೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಿಕ್ಕಿಕೊಂಡಿತು. ಆ ದಿನ ಅವರು ಸೈಕಲ್ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋದರು. ಅಂದಿನಿಂದ ಪೈಪು ಕಚ್ಚುವ ಕ್ಲಾಂಪನ್ನು ಯಾವ ಸೈಕಲ್ಲಿಗೂ ನಾನು ಹಾಕಿಕೊಟ್ಟಿಲ್ಲ. ಕೆಲವು ತಯಾರಕರು ಗುಂಡನೆಯ ಉಕ್ಕಿನ ಪೈಪಿಗೆ ಅದನ್ನು ಒಪ್ಪುತ್ತಾರೆ, ನಿಜ. ನನ್ನದು ಸ್ವಲ್ಪ ಹಟ ಅಂತಲೇ ಇಟ್ಟುಕೊಳ್ಳಿ.

ಈಗ ಕಾರ್ಬನ್. ಅಡಿಕೆ ದಬ್ಬೆ ನೋಡಿದ್ದೀರಲ್ಲ? ಉದ್ದಕ್ಕೆ ಎಳೆದರೆ ಯಾರಪ್ಪನಿಂದಲೂ ಕೀಳಲಾಗದು, ಕಾಲುವೆಗೆ ಅಡ್ಡ ಹಾಕಿದರೆ ಮನುಷ್ಯ ನಡೆದು ಹೋಗಬಹುದು. ಅದೇ ದಬ್ಬೆಯ ಪಕ್ಕಕ್ಕೆ ಇಕ್ಕಳ ಹಾಕಿ ಅಮುಕಿದರೆ ಎಳೆ ಎಳೆಯಾಗಿ ಸೀಳುತ್ತದೆ. ಕಾರ್ಬನ್ ಫ್ರೇಮೂ ಎಳೆಗಳ ಗುಣದ್ದೇ. ಎಂಜಿನಿಯರು ಯಾವ ದಿಕ್ಕಿಗೆ ಬಲ ಬರುತ್ತದೆ ಅಂತ ಲೆಕ್ಕ ಹಾಕಿ ಎಳೆ ಹಾಸಿರುತ್ತಾನೋ ಆ ದಿಕ್ಕಿಗೆ ಅದು ಉಕ್ಕನ್ನೂ ಮೀರಿಸುತ್ತದೆ. ಲೆಕ್ಕದಲ್ಲಿಲ್ಲದ ದಿಕ್ಕಿನಿಂದ ಹಿಂಡಿದರೆ ಒಳಪದರ ಬಿಟ್ಟುಕೊಳ್ಳುತ್ತದೆ, ಹೊರಗೆ ಬಣ್ಣ ಹಾಗೇ ಹೊಳೆಯುತ್ತಿರುತ್ತದೆ. ಲೋಹ ಸಾಮಾನ್ಯವಾಗಿ ಬಾಗಿಯೋ ಕಿರುಗುಟ್ಟಿಯೋ ಸೂಚನೆ ಕೊಡುತ್ತದೆ, ಕಾರ್ಬನ್ ಆ ಮರ್ಯಾದೆ ತೋರಿಸಲೇಬೇಕೆಂದಿಲ್ಲ. ಆಕ್ಸೆಲ್‌ಗೆ ಕಟ್ಟಿದರೆ ಹಿಂಡುವ ಸಮಸ್ಯೆ ಇರುವುದಿಲ್ಲ, ಆದರೂ ಎಡಕ್ಕೆ ಮಾತ್ರ ಬೀಳುವ ಎಳೆತಕ್ಕೆ ಆ ಫ್ರೇಮು ತಯಾರಾಗಿದೆಯೇ ಎಂಬುದನ್ನು ತಯಾರಕರೇ ಹೇಳಬೇಕು. ಕೈಪಿಡಿಯಲ್ಲಿ "ಮಕ್ಕಳ ಟ್ರೇಲರ್‌ಗೆ ಅನುಮತಿ ಇದೆ" ಎಂದು ಬರೆದಿದ್ದರೆ ಧೈರ್ಯವಾಗಿ ಕಟ್ಟಿ. ಬರೆದಿಲ್ಲದಿದ್ದರೆ ಇಲ್ಲ ಎಂದೇ ತಿಳಿಯಿರಿ. ಅಲ್ಯೂಮಿನಿಯಂ ಸೈಕಲ್ಲಿನ ಕೈಪಿಡಿಯನ್ನೂ ಇದೇ ಕಣ್ಣಿನಿಂದ ಓದಿ. ಒಟ್ಟು ಎಷ್ಟು ಭಾರ ತಡೆಯುತ್ತದೆ, ಟ್ರೇಲರ್ ಎಳೆಯಬಹುದೇ ಎಂಬುದು ಅದರಲ್ಲಿರುತ್ತದೆ.

ಉಕ್ಕಿಗೂ ಅಲ್ಯೂಮಿನಿಯಂಗೂ ಇರುವ ಭೇದ ಆಯಾಸದ್ದು. ಉಕ್ಕಿಗೆ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಬಲ ಎಷ್ಟು ಸಲ ಬಿದ್ದರೂ ಅದು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಹಾಗಲ್ಲ, ಸಣ್ಣ ಏಟನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಇದು ಗೊತ್ತಿರುವುದರಿಂದಲೇ ಅಲ್ಯೂಮಿನಿಯಂ ಪೈಪುಗಳನ್ನು ಡೊಳ್ಳಾಗಿ ಮಾಡುತ್ತಾರೆ, ಏಟು ಸಣ್ಣದಾಗಲಿ ಅಂತ. ಹೀಗಾಗಿ ಹೆದರಬೇಕಾಗಿಲ್ಲ. ತಿಂಗಳಿಗೊಮ್ಮೆ ಎಡ ಡ್ರಾಪ್‌ಔಟಿನ ಬೆಸುಗೆ ಒರೆಸಿ ಉಗುರು ಆಡಿಸಿ ನೋಡಿದರೆ ಸಾಕು.

ಹಾಗಾದರೆ ಉಕ್ಕಿನ ಸೈಕಲ್ಲೇ ಮೊದಲನೆಯದಾಗಬೇಕಿತ್ತಲ್ಲ ಅನ್ನಬಹುದು. ಫ್ರೇಮು ಮಾತ್ರ ನೋಡಿದರೆ ಹೌದು. ಆದರೆ ಸಂತೆಯಲ್ಲಿ ಸಿಗುವ ಹಳೆಯ ಜರ್ಮನ್ ಸೈಕಲ್ಲುಗಳಿಗೆ ಹಿಂದೆ ಕಾಲಿನ ಬ್ರೇಕು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಮುಂದೆ ಉಕ್ಕಿನ ರಿಮ್ಮಿಗೆ ಒಂದು ಜೊತೆ ರಬ್ಬರು. ಉಕ್ಕಿನ ರಿಮ್ಮು ಒದ್ದೆಯಾದರೆ ಆ ರಬ್ಬರು ಸುಮ್ಮನೆ ಸವರುತ್ತದೆ, ಹಿಡಿಯುವುದಿಲ್ಲ. ಜರ್ಮನಿಯ ನವೆಂಬರ್ ಹೇಗಿರುತ್ತದೆಂದು ನಿಮಗೇ ಗೊತ್ತು. ಇನ್ನೊಂದು ತೊಡಕು: ಕಾಲಿನ ಬ್ರೇಕಿಗೆ ಎಡ ಚೈನ್‌ಸ್ಟೇಗೆ ಬಿಗಿದ ಒಂದು ಪಟ್ಟಿ ಇರುತ್ತದೆ. ನಿಮ್ಮ ಕ್ಲಾಂಪು ಕೂರಬೇಕಾದ ಜಾಗವೂ ಅದೇ. ಅದನ್ನು ಸರಿಸಿ ಜಾಗ ಮಾಡಲು ಹೋದರೆ ಬ್ರೇಕೇ ಹೋಯಿತು. ನಿಮ್ಮದು ಆ ಜಾತಿಯದಾಗಿದ್ದರೆ ಅದನ್ನು ತರಕಾರಿ ತರಲು ಇಟ್ಟುಕೊಳ್ಳಿ.

ಬ್ರೇಕಿನ ಮಾತು ಬಂತು, ಲೆಕ್ಕವನ್ನೂ ಮಾಡಿಬಿಡೋಣ. ನೀವು ಮತ್ತು ಸೈಕಲ್ ಸೇರಿ 85 ಕಿಲೋ ಅನ್ನಿ. ಟ್ರೇಲರ್ 17, ಮಗು 10, ಚೀಲ 3, ಒಟ್ಟು 30. ಟ್ರೇಲರ್‌ಗೆ ತನ್ನದೇ ಬ್ರೇಕಿಲ್ಲ, ಎಲ್ಲವನ್ನೂ ನಿಮ್ಮ ಎರಡು ಡಿಸ್ಕುಗಳೇ ನಿಲ್ಲಿಸಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದು ನಾಲ್ಕು ಮೀಟರಿನಲ್ಲಿ ನಿಲ್ಲುತ್ತಿದ್ದ ಸೈಕಲ್ಲು, ಅಷ್ಟೇ ಬಲದಲ್ಲಿ ಹಿಡಿದರೆ ಈಗ ಐದು ಮೀಟರ್ ದಾಟುತ್ತದೆ. ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡುವ ಐದೂವರೆ ಮೀಟರ್ ಬೇರೆ. ಪ್ಯಾಡು ಒಂದು ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ. ತಿರುವಿನ ನಡುವೆ ಜೋರಾಗಿ ಬ್ರೇಕ್ ಹಾಕಬೇಡಿ. ನೇರ ಇದ್ದಾಗ ಹಿಂದಿನ ತಳ್ಳು ನೇರಕ್ಕೇ ಬರುತ್ತದೆ, ತಿರುಗಿದ್ದಾಗ ಅದು ಹಿಂಚಕ್ರವನ್ನು ಪಕ್ಕಕ್ಕೆ ನೂಕುತ್ತದೆ.

ತಿರುವಿನಲ್ಲಿ ಟ್ರೇಲರ್ ಮಗುಚುವುದೂ ಬರೀ ಲೆಕ್ಕವೇ. ಎರಡು ಚಕ್ರದ ನಡುವೆ 70 ಸೆಂಟಿಮೀಟರ್, ಭಾರದ ಕೇಂದ್ರ ನೆಲದಿಂದ 45 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಂಡರೆ, ನಾಲ್ಕು ಮೀಟರ್ ತ್ರಿಜ್ಯದ ತಿರುವಿನಲ್ಲಿ, ಅಂದರೆ ಒಂದು ಸಾಧಾರಣ ಬೀದಿ ಮೂಲೆಯಲ್ಲಿ, 20 ಕಿಲೋಮೀಟರ್ ವೇಗಕ್ಕೇ ಒಳಗಿನ ಚಕ್ರ ನೆಲ ಬಿಡುವ ಹಂತಕ್ಕೆ ಬರುತ್ತದೆ. ವೇಗ ಅರ್ಧವಾದರೆ ಮಗುಚುವ ಬಲ ಕಾಲು ಭಾಗಕ್ಕಿಳಿಯುತ್ತದೆ. ನೀವು ಸೈಕಲ್ ಓರೆ ಮಾಡಿ ತಿರುಗುತ್ತೀರಿ, ನಿಮಗೆ ಏನೂ ಅನ್ನಿಸುವುದಿಲ್ಲ. ಟ್ರೇಲರಿಗೆ ಓರೆಯಾಗಲು ಬರುವುದಿಲ್ಲ. ಮೂಲೆಯಲ್ಲಿ ನಡೆದು ಹೋಗುವವರ ವೇಗಕ್ಕಿಂತ ಸ್ವಲ್ಪವೇ ಹೆಚ್ಚಿರಲಿ.

ಮೂಲೆಗಿಂತ ಹೆಚ್ಚು ಮಗುಚಿಸುವುದು ಫುಟ್‌ಪಾತಿನ ಅಂಚು. ಎರಡು ಸೀಟಿನ ಟ್ರೇಲರ್ ಸುಮಾರು 80 ಸೆಂಟಿಮೀಟರ್ ಅಗಲ, ನಿಮ್ಮ ಹ್ಯಾಂಡಲ್ ಅದಕ್ಕಿಂತ ಕಿರಿದು. ಹ್ಯಾಂಡಲ್ ನುಗ್ಗಿದ ಕಡೆ ಟ್ರೇಲರ್ ನುಗ್ಗುವುದಿಲ್ಲ. ಸೈಕಲ್ ದಾರಿಯ ಬಾಯಲ್ಲಿ ಕಾರು ಬರದಿರಲಿ ಅಂತ ನೆಟ್ಟಿರುವ ಗೂಟಗಳ ನಡುವೆ ಹೋಗುವಾಗ ಮೊದಲ ವಾರ ಇಳಿದು ತಳ್ಳಿಕೊಂಡೇ ಹೋಗಿ. ಜರ್ಮನಿಯಲ್ಲಿ ಬಲಕ್ಕೆ ಸಾಗುವುದರಿಂದ ಅಂಚು ಹತ್ತುವುದು ಹೆಚ್ಚಾಗಿ ಬಲಚಕ್ರ. ಮಗು ಒಂದೇ ಇದ್ದಾಗ ಎಲ್ಲಿ ಕೂರಿಸಬೇಕೆಂದು ಕೈಪಿಡಿ ಹೇಳದಿದ್ದರೆ ನಾನು ಬಲಕ್ಕೇ ಕೂರಿಸುತ್ತೇನೆ. ಏಳಲು ನೋಡುವ ಚಕ್ರದ ಮೇಲೆ ಭಾರವಿದ್ದರೆ ಒಳ್ಳೆಯದು.

ಈಗ ಹಿಚ್ ಕೂರಿಸುವ ಕೆಲಸ. ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸೆಲ್ ಮೂರರಲ್ಲಿ ಒಂದು ಬಗೆಯದಿರುತ್ತದೆ. ಎರಡೂ ಕಡೆ ನಟ್ಟಿದ್ದರೆ, ನಮ್ಮ ಊರಿನ ಸೈಕಲ್ಲುಗಳಂತೆ, ಹಿಚ್‌ನ ತಗಡು ಎಡ ನಟ್ಟಿನ ಅಡಿಗೆ ಹೋಗುತ್ತದೆ. ಗೇರು ಹಬ್ಬಿನೊಳಗಿದ್ದರೆ ಅಲ್ಲಿ ಹಲ್ಲಿರುವ ಒಂದು ವಾಷರ್ ಇರುತ್ತದೆ, ಆಕ್ಸೆಲ್ ತಿರುಗದಂತೆ ತಡೆಯುವುದು ಅದೇ. ತಗಡು ಅದರ ಹೊರಗೆ ಬರಬೇಕು, ಅದರ ಬದಲಿಗೆ ಅಲ್ಲ. ಸನ್ನೆ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಇದ್ದರೆ ಹಿಚ್ ಜೊತೆ ಬರುವ ಉದ್ದದ ಕಡ್ಡಿಯನ್ನೇ ಹಾಕಿ. ಹಳೆಯದು ಕೂರುತ್ತದೆ ಅಂತ ಉಳಿಸಿಕೊಳ್ಳಬೇಡಿ. ನಟ್ಟು ಕನಿಷ್ಠ ಐದು ಪೂರ್ತಿ ಸುತ್ತು ಹತ್ತಿರಬೇಕು.

ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಲ್ಲಿ ಹೆಚ್ಚಾಗಿರುವುದು ಮೂರನೆಯದು, ಥ್ರೂ ಆಕ್ಸೆಲ್: ಫ್ರೇಮಿನ ಒಂದು ಕಡೆಯಿಂದ ಹಬ್ಬಿನೊಳಗೆ ತೂರಿಸಿ ಇನ್ನೊಂದು ಕಡೆ ಫ್ರೇಮಿನ ಥ್ರೆಡ್ಡಿಗೆ ತಿರುಪುವ ದಪ್ಪ ಕಡ್ಡಿ. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಿಂಚಕ್ರದಲ್ಲಿ ಸಾಮಾನ್ಯವಾಗಿ ಎಲ್ಲವೂ 12 ಮಿಲಿಮೀಟರ್ ದಪ್ಪ, ನೋಡಲು ಒಂದೇ ಥರ. ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ ಮಾತ್ರ 1.0, 1.5, 1.75 ಮಿಲಿಮೀಟರ್ ಎಂದು ಬೇರೆ ಬೇರೆ. ತಪ್ಪಿದ್ದನ್ನು ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಬಿಗಿ ಆಯ್ತು, ಸರಿ ಇದೆ" ಅಂತ ಪಾನಾ ಹಾಕಿ ತಿರುವಿದರೆ ಫ್ರೇಮಿನ ಕಡೆಯ ಥ್ರೆಡ್ಡು ಹಾಳು. ಅದಕ್ಕೇ ಮೊದಲು ನಿಮ್ಮ ಆಕ್ಸೆಲ್ ಪೂರ್ತಿ ಹೊರಗೆಳೆದು ಒರೆಸಿ, ಬೆಳಕಿಗೆ ಹಿಡಿದು ಓದಿ. 12 × 1.5 ಥರ ಏನಾದರೂ ಕೊರೆದಿರಬಹುದು. ಇಲ್ಲದಿದ್ದರೆ ತಲೆಯ ಅಡಿಯಿಂದ ತುದಿಯವರೆಗೆ ಉದ್ದ, ಮತ್ತು ಥ್ರೆಡ್ಡಿರುವ ಭಾಗದ ಉದ್ದ ಎರಡನ್ನೂ ಅಳೆದುಕೊಳ್ಳಿ. ಎಡಗಡೆಯೇ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಇರುವುದರಿಂದ ಹಿಚ್ ಕೂತ ಮೇಲೆ ತೋಳನ್ನು ಎರಡೂ ಕಡೆಗೆ ಪೂರ್ತಿ ಆಡಿಸಿ ನೋಡಿ, ಎಲ್ಲೂ ತಗಲಬಾರದು. ನಿಮ್ಮ ಹಿಮ್ಮಡಿಯೂ ತೋಳಿಗೆ ತಗಲಬಾರದು.

ಹಿಚ್ ಜೊತೆ ಒಂದು ಬಟ್ಟೆಯ ಪಟ್ಟಿ ಬರುತ್ತದೆ. ಅದನ್ನು ಚೈನ್‌ಸ್ಟೇ ಸುತ್ತ ಬಳಸಿ ತೋಳಿಗೆ ಹಾಕಬೇಕು. ಕೊಂಡಿ ಕೈಕೊಟ್ಟರೆ ಟ್ರೇಲರನ್ನು ಹಿಡಿದಿಡುವುದು ಅದೊಂದೇ. ಎಷ್ಟೋ ಜನ ಅದನ್ನು ಅಲಂಕಾರ ಅಂದುಕೊಂಡು ತೋಳಿಗೇ ಸುತ್ತಿಟ್ಟಿರುತ್ತಾರೆ. ಬಿಸಿಯಾಗುವ ಡಿಸ್ಕಿನಿಂದ ಅದು ದೂರವಿರಲಿ.

ಟ್ರೇಲರ್ ಹಳೆಯದಾದ್ದರಿಂದ ತೋಳಿನ ತುದಿಯ ಗುಂಡು ಅಥವಾ ರಬ್ಬರಿನ ಕೀಲನ್ನು ಬಾಗಿಸಿ ನೋಡಿ. ಬಾಗಿಸಿದಾಗ ಸಣ್ಣ ಸೀಳು ಬಾಯಿ ಬಿಟ್ಟರೆ ಆ ಭಾಗ ಬದಲಿಸಲೇಬೇಕು. ಇಡೀ ಟ್ರೇಲರಿನ ಜಾಣತನ ಇರುವುದು ಆ ಕೀಲಿನಲ್ಲಿ: ಸೈಕಲ್ ಬಿದ್ದರೂ ಕೀಲು ತಿರುಗಿ ಟ್ರೇಲರ್ ನಿಂತೇ ಇರುತ್ತದೆ. ಸೈಕಲ್ಲಿನ ಮೇಲಿನ ಮಕ್ಕಳ ಸೀಟಿನಲ್ಲಿ ಈ ಅನುಕೂಲವಿಲ್ಲ, ಸೈಕಲ್ ಬಿದ್ದರೆ ಮಗುವೂ ಅಷ್ಟೆತ್ತರದಿಂದ ಬೀಳುತ್ತದೆ. ಮಗು ಇಲ್ಲದಾಗ ಒಮ್ಮೆ ಸೈಕಲ್ಲನ್ನು ನಿಧಾನಕ್ಕೆ ಮಲಗಿಸಿ ಇದನ್ನು ಪರೀಕ್ಷಿಸಿ. ಯುರೋಪಿನ ಟ್ರೇಲರ್ ಮಾನದಂಡ ಇಎನ್ 15918. ಆ ಸಂಖ್ಯೆ ಮತ್ತು ಗರಿಷ್ಠ ಭಾರ ಇರುವ ಚೀಟಿ ಟ್ರೇಲರಿನ ಮೇಲೆ ಇದೆಯೇ ಹುಡುಕಿ. ಅದಕ್ಕಿಂತ ಮುಂಚಿನ ಕಾಲದ್ದಾದರೆ, ನನ್ನನ್ನು ಕೇಳಿದರೆ, ತರಕಾರಿ ಸೈಕಲ್ಲಿಗೆ ಜೋಡಿ ಮಾಡಿ.

ಭಾರ ತೂಗುವ ವಿಷಯದಲ್ಲಿ ನಿಮ್ಮ ಅಪ್ಪನೇ ಒಳ್ಳೆಯ ಗುರು. ಗಾಡಿ ಹೇರುವವರಿಗೆ ಗೊತ್ತು, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಹಣ್ಣಾಗುತ್ತದೆ. ಟ್ರೇಲರಿನ ತೋಳಿನ ತುದಿ ಸೈಕಲ್ಲನ್ನು ಒತ್ತುವ ಭಾರ ಸಾಮಾನ್ಯವಾಗಿ ಮೂರರಿಂದ ಎಂಟು ಕಿಲೋ ಇರಬೇಕು, ನಿಮ್ಮ ಟ್ರೇಲರಿನ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ. ಇಂಡಿಯನ್ ಅಂಗಡಿಯ ಹತ್ತು ಕಿಲೋ ಸೋನಾ ಮಸೂರಿ ಚೀಲ ಮನೆಯಲ್ಲಿದ್ದರೆ ಮಗಳ ಸೀಟಿಗೆ ಕೂರಿಸಿ ಬೆಲ್ಟ್ ಬಿಗಿಯಿರಿ. ತೋಳನ್ನು ಸೈಕಲ್ಲಿಗೆ ಕಟ್ಟಿದಷ್ಟೇ ಎತ್ತರಕ್ಕೆ ಬರುವಂತೆ ಬಚ್ಚಲಮನೆಯ ತೂಕದ ಯಂತ್ರವನ್ನು ಸ್ಟೂಲಿನ ಮೇಲಿಟ್ಟು ತುದಿಯನ್ನು ಅದರ ಮೇಲೆ ಇಡಿ. ಹಿಂದಿನ ಡಿಕ್ಕಿಯಲ್ಲಿ ದೊಡ್ಡ ಚೀಲ ತುರುಕಿದರೆ ಮುಳ್ಳು ಸೊನ್ನೆಯ ಕಡೆ ಇಳಿಯುವುದು ಕಾಣುತ್ತದೆ. ಹಾಗಾದರೆ ಸೈಕಲ್ಲಿನ ಹಿಂಚಕ್ರ ಹಗುರಾಗಿ ಜಾರುತ್ತದೆ. ಆ ಅಕ್ಕಿಯನ್ನೇ ಕಿಟಾವರೆಗೆ ಎರಡು ದಿನ ಕರೆದುಕೊಂಡು ಹೋಗಿ ಬನ್ನಿ. ಅಕ್ಕಿ ಅಳುವುದಿಲ್ಲ, ನೀವು ಕಲಿಯುತ್ತೀರಿ.

ಹೆಲ್ಮೆಟ್: ಜರ್ಮನಿಯಲ್ಲಿ ಕಡ್ಡಾಯವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೆ ಟ್ರೇಲರಿನಲ್ಲಿ ಕೂತ ಮಗುವಿಗೂ ಬೇಕೆಂದು ಕಾನೂನಿದೆ. ನನ್ನ ಸಲಹೆ ಹಾಕಿ ಅಂತಲೇ, ಆದರೆ ಸೀಟಿನ ಬೆನ್ನಿನಲ್ಲಿ ಹೆಲ್ಮೆಟ್ಟಿಗೆ ಹಳ್ಳ ಇದೆಯೇ ನೋಡಿ. ಇಲ್ಲದಿದ್ದರೆ ಹೆಲ್ಮೆಟ್ ಗದ್ದವನ್ನು ಎದೆಗೆ ಒತ್ತುತ್ತದೆ. ನಿದ್ದೆ ಹೋದ ಸಣ್ಣ ಮಗುವಿಗೆ ಅದು ಒಳ್ಳೆಯದಲ್ಲ. ಹಿಂದೆ ಹಳ್ಳವಿರುವ ಸೀಟು ಅಥವಾ ಹಿಂಭಾಗ ಚಪ್ಪಟೆ ಇರುವ ಮಕ್ಕಳ ಹೆಲ್ಮೆಟ್ ಆರಿಸಿಕೊಳ್ಳಿ. ಒಂದು ವರ್ಷದೊಳಗಿನ ಮಗುವನ್ನು ಸೈಕಲ್ ಟ್ರೇಲರಿನಲ್ಲಿ ಒಯ್ಯಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಿಮ್ಮ ಮಗಳು ಅದನ್ನು ದಾಟಿದ್ದಾಳೆ. ಐದು ಬಿಂದುವಿನ ಬೆಲ್ಟು ಹೆಗಲ ಮೇಲೆ ಒಂದು ಬೆರಳಷ್ಟೇ ಸಡಿಲವಿರಲಿ, ಮುಂದಿನ ಪರದೆ ಯಾವಾಗಲೂ ಮುಚ್ಚಿರಲಿ. ನಿಮ್ಮ ಹಿಂಚಕ್ರ ಎರಚುವ ಕಲ್ಲುಪುಡಿ ನೇರ ಅವಳ ಮುಖಕ್ಕೇ ಹೋಗುತ್ತದೆ.

ಅಲ್ಲಿನ ಕಾನೂನು ಸರಳ. ಓಡಿಸುವವರಿಗೆ 16 ವರ್ಷ ಆಗಿರಬೇಕು, ಮಕ್ಕಳು ಏಳು ವರ್ಷದೊಳಗಿನವರು, ಹೆಚ್ಚೆಂದರೆ ಇಬ್ಬರು. ಗಂಟೆಗೆ 45 ಕಿಲೋಮೀಟರ್‌ವರೆಗೆ ನೂಕುವ ವೇಗದ ಎಲೆಕ್ಟ್ರಿಕ್ ಬೈಕಿಗೆ ಮಕ್ಕಳ ಟ್ರೇಲರ್ ಕಟ್ಟುವಂತಿಲ್ಲ, ಮೋಟಾರಿನ ನೆರವು 25ಕ್ಕೆ ನಿಲ್ಲುವ ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ಲಿಗೆ, ಅಂದರೆ ಪೆಡೆಲೆಕ್‌ಗೆ ಅಡ್ಡಿಯಿಲ್ಲ. 2018ರಿಂದ ಮಾರುಕಟ್ಟೆಗೆ ಬಂದ, 60 ಸೆಂಟಿಮೀಟರಿಗಿಂತ ಅಗಲದ ಟ್ರೇಲರಿಗೆ ಹಿಂದೆ ಎಡಕ್ಕೆ ಕೆಂಪು ದೀಪ, ಮುಂದೆ ಹಿಂದೆ ರಿಫ್ಲೆಕ್ಟರ್ ಬೇಕು. ನಿಮ್ಮದು ಹಳೆಯದಾದರೂ ದೀಪ ಹಾಕಿ. ಡಿಸೆಂಬರಿನಲ್ಲಿ ನಿಮ್ಮ ಊರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಉದ್ದ ಕೋಲಿನ ಬಾವುಟ ಮಡಚಿ ಒಳಗಿಡಬೇಡಿ, ಕಾರಿನವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಇನ್ನು ಅಪ್ಪನ ಬಾರ್ ಸೀಟು. ಅವರು ನಿಮ್ಮನ್ನು ಹಾಗೇ ಕೂರಿಸಿಕೊಂಡು ಊರೆಲ್ಲ ಸುತ್ತಿರುತ್ತಾರೆ, ಅದಕ್ಕೇ ಹೇಳುತ್ತಿದ್ದಾರೆ. ನನ್ನಪ್ಪನೂ ಬಾರಿಗೆ ಟವೆಲ್ ಸುತ್ತಿ ಕೂರಿಸುತ್ತಿದ್ದರು. ಐದನೇ ವಯಸ್ಸಿನಲ್ಲಿ ಒಂದು ದಿನ ನಿದ್ದೆಗೆ ಜಾರಿ ಎಡಗಾಲು ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿತು. ಹಿಮ್ಮಡಿಯ ಮೇಲೆ ಆ ಗುರುತು ಈಗಲೂ ಇದೆ, ಅಪ್ಪ ಸಾಯುವತನಕ ಅದನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಜರ್ಮನಿಯ ಕಾನೂನು ಸೈಕಲ್ಲಿನ ಮೇಲೆ ಮಕ್ಕಳ ಸೀಟನ್ನು ಒಪ್ಪುತ್ತದೆ, ಆದರೆ ಕಾಲು ಕಡ್ಡಿಗೆ ಸಿಗದಂತೆ ತಡೆ ಇರಲೇಬೇಕು ಎಂದು ಬರೆದೇ ಇಟ್ಟಿದೆ. ಇಷ್ಟನ್ನು ಅಪ್ಪನಿಗೆ ಹೇಳಿ, ಒಪ್ಪುತ್ತಾರೆ.

ಶನಿವಾರ ಬಿಡುವಾದಾಗ ಹಿಂದಿನ ಆಕ್ಸೆಲ್ ಬಿಚ್ಚಿ, ಅದರ ಮೇಲಿನ ಅಂಕಿ ಕಾಣುವ ಹಾಗೆ ಒಂದು ಫೋಟೊ, ಎಡ ಡ್ರಾಪ್‌ಔಟ್ ಹತ್ತಿರದಿಂದ ಒಂದು ಫೋಟೊ, ಟ್ರೇಲರ್ ತೋಳಿನ ತುದಿಯದೊಂದು ಕಳಿಸಿ. ಯಾವ ಹಿಚ್ ತರಿಸಬೇಕೆಂದು ನೋಡಿ ಹೇಳುತ್ತೇನೆ.